ಬಿಳಿ ಹಂದಿಯ ಮೋಹ, ಹಿತ್ತಲಿನ ಲೆಕ್ಕ

ಹೊರನಾಡಿನ ಕನ್ನಡಿಗರ ನಡುವೆ ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ನಿವೃತ್ತಿಯ ಬಳಿಕ ಊರಿಗೆ ಮರಳಿ ತೋಟ ನೋಡಿಕೊಳ್ಳಬೇಕೆನ್ನುವವರು, ಪನ್ವೇಲ್ ಕರ್ಜತ್‌ಗಳ ಆಚೆ ಅರ್ಧ ಎಕರೆ ಕೊಂಡವರು, ಕೊಡಗಿನಲ್ಲೋ ದಕ್ಷಿಣ ಕನ್ನಡದಲ್ಲೋ ಇರುವ ಅಣ್ಣತಮ್ಮಂದಿರ ಮನೆಗೆ ತಿಂಗಳು ತಿಂಗಳು ಹಣ ಕಳಿಸುವವರು, ‘ಮನೆಮಟ್ಟಿಗೆಂದು ಎರಡು ಹಂದಿ ಸಾಕಿದರೆ ಹೇಗೆ?’ ಎಂದು ಕೇಳುತ್ತಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಅದಕ್ಕೆ ಸಿಗುವ ಉತ್ತರ ಎಲ್ಲೆಡೆಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತದೆ: ಸಾಕುವುದಾದರೆ ಬಿಳಿ ಹಂದಿಯನ್ನೇ ಸಾಕಿ, ಯಾರ್ಕ್‌ಷೈರ್ ತನ್ನಿ, ನಾಡ ಹಂದಿಯಿಂದ ಏನೂ ಗಿಟ್ಟುವುದಿಲ್ಲ.

ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಮಾರುಕಟ್ಟೆಗೆಂದು ಸಾಕುವವರಿಗೆ ಅದು ಸರಿಯಾದ ಉತ್ತರವಾಗಿರಬಹುದು. ಮನೆಯ ಮಾಂಸಕ್ಕೆಂದು ಸಾಕುವವರಿಗೆ ಅದು ತಪ್ಪು ಉತ್ತರ. ಆ ತಪ್ಪಿನ ಬೆಲೆಯನ್ನು ತೆರುತ್ತಿರುವವರು ಹಣ ಕಳಿಸುವ ನಾವಲ್ಲ. ಊರಿನಲ್ಲಿ ಮೇವು ಹೊಂದಿಸಲು ಹೆಣಗುವ ನಮ್ಮ ಮನೆಯವರು, ತಲೆತಲಾಂತರದಿಂದ ಕರಿ ಹಂದಿಯನ್ನು ಸಾಕಿಕೊಂಡು ಬಂದು ಇಂದು ಊರಿಂದೂರಿಗೆ ಅಟ್ಟಿಸಿಕೊಳ್ಳುತ್ತಿರುವ ಸಮುದಾಯಗಳು. ಸಾಹಿತ್ಯದ ಬಳಗವೊಂದು ಹಂದಿಯ ತಳಿಯ ಬಗ್ಗೆ ಬರೆಯುವುದೇ ಎಂದು ಹುಬ್ಬೇರಿಸುವವರಿಗೂ ಇದೇ ನಮ್ಮ ಉತ್ತರ. ವರಾಹವನ್ನು ಲಾಂಛನವಾಗಿ ಹೊತ್ತ ಬಾದಾಮಿ ಚಾಲುಕ್ಯರ ಬಗ್ಗೆ ನಾವು ಅಭಿಮಾನದಿಂದ ಬರೆಯುತ್ತೇವೆ, ಚಿನ್ನದ ನಾಣ್ಯಕ್ಕೆ ‘ವರಹ’ ಎಂದು ಹೆಸರಿಟ್ಟ ನಾಡಿನವರೆಂದು ಬೀಗುತ್ತೇವೆ. ಕಲ್ಲಿನ ಹಂದಿಗೆ ಸಿಕ್ಕ ಪುಟಗಳಲ್ಲಿ ಒಂದೆರಡನ್ನಾದರೂ ಹಿತ್ತಲಿನ ಹಂದಿಗೆ ಕೊಟ್ಟರೆ ಕನ್ನಡಕ್ಕೇನೂ ಕುಂದಾಗದು.

ಮೊದಲು ಬಿಳಿ ಹಂದಿಯ ಪರವಾದ ವಾದವನ್ನು ಅದರ ಪೂರ್ಣ ಬಲದೊಂದಿಗೇ ಮುಂದಿಡೋಣ. ಲಾರ್ಜ್ ವೈಟ್ ಯಾರ್ಕ್‌ಷೈರ್ ಒಳ್ಳೆಯ ಮೇವು ಸಿಕ್ಕರೆ ಆರರಿಂದ ಎಂಟು ತಿಂಗಳಲ್ಲಿ 80ರಿಂದ 100 ಕಿಲೋ ತೂಗುತ್ತದೆ. ನಾಡ ಹಂದಿ ಒಂದು ವರ್ಷ ಕಳೆದರೂ ಬಹುತೇಕ ಅದರ ಅರ್ಧಕ್ಕೆ ನಿಲ್ಲುತ್ತದೆ. ಬಿಳಿ ಹಂದಿ ಒಂದು ಸೂಲಿಗೆ ಹತ್ತರ ಆಸುಪಾಸು ಮರಿ ಹಾಕುತ್ತದೆ. ಅದರ ಮೈ ಉದ್ದ, ಕೊಬ್ಬು ಕಡಿಮೆ, ಮಾಂಸ ಹೆಚ್ಚು. ತೂಗಿ ಕೊಟ್ಟ ಹಿಂಡಿಯ ಒಂದೊಂದು ಕಿಲೋವನ್ನೂ ನಾಡ ಹಂದಿಗಿಂತ ಚೆನ್ನಾಗಿ ಮಾಂಸವಾಗಿ ಮಾರ್ಪಡಿಸುತ್ತದೆ. ಇವೆಲ್ಲ ನಿಜ. ಇವನ್ನು ಅಲ್ಲಗಳೆದು ‘ದೇಶಿ ಎಂದರೆ ಎಲ್ಲದರಲ್ಲೂ ಮೇಲು’ ಎನ್ನುವ ಭಾವುಕತೆ ನಮಗೆ ಬೇಕಾಗಿಲ್ಲ.

ಆದರೆ ಈ ಗುಣಗಳೆಲ್ಲ ಯಾವ ಲೆಕ್ಕದಲ್ಲಿ ಗುಣಗಳು ಎಂದು ಕೇಳಲೇಬೇಕು. ಲಾರ್ಜ್ ವೈಟ್ ತಳಿ 19ನೇ ಶತಮಾನದ ಇಂಗ್ಲೆಂಡಿನಲ್ಲಿ ರೂಪುಗೊಂಡು, 1868ರಲ್ಲಿ ಪ್ರತ್ಯೇಕ ತಳಿಯೆಂಬ ಮನ್ನಣೆ ಪಡೆಯಿತು. ಅದರ ಸೋದರನಂತಿರುವ ಲ್ಯಾಂಡ್ರೇಸನ್ನು ಡೆನ್ಮಾರ್ಕಿನವರು ಇಂಗ್ಲಿಷರ ಬೇಕನ್ ಮಾರುಕಟ್ಟೆಗೆಂದೇ ತಿದ್ದಿ ಬೆಳೆಸಿದರು. ಉದ್ದನೆಯ ಪಕ್ಕೆ, ತೆಳುವಾದ ಕೊಬ್ಬು, ಒಂದೇ ಅಳತೆಯ ಮೈ: ಇವು ಬೇಕನ್ ಕಾರ್ಖಾನೆಯವನ ಬೇಡಿಕೆಗಳು. ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನಪಿಡಬೇಕು. ಇಂಗ್ಲೆಂಡಿನ ಹಂದಿಗಳು ‘ಸುಧಾರಿಸಿದ್ದೇ’ 18 ಮತ್ತು 19ನೇ ಶತಮಾನಗಳಲ್ಲಿ ಚೀನಾ ಕಡೆಯ ಹಂದಿಗಳೊಡನೆ ಬೆರೆತದ್ದರಿಂದ. ಏಷ್ಯಾದ ಹಂದಿಯ ರಕ್ತವನ್ನು ಪಡೆದು ದೊಡ್ಡದಾದ ತಳಿಯನ್ನು ಮುಂದಿಟ್ಟುಕೊಂಡು ಏಷ್ಯಾದ ಹಂದಿಯನ್ನು ಹಳಿಯುವುದು ವಿಚಿತ್ರವಾದ ನ್ಯಾಯ.

ಈಗ ಹಿತ್ತಲಿನ ಲೆಕ್ಕಕ್ಕೆ ಬರೋಣ. ಬಿಳಿ ಹಂದಿಮರಿಯನ್ನು 15 ಕಿಲೋದಿಂದ 90 ಕಿಲೋಗೆ ತರಲು 75 ಕಿಲೋ ಬೆಳೆಸಬೇಕು. ಕಿಲೋ ಒಂದಕ್ಕೆ ಮೂರರಿಂದ ಮೂರೂವರೆ ಕಿಲೋ ಸಮತೋಲನ ಮೇವು ಬೇಕೆಂದರೆ, ಒಂದು ಹಂದಿಗೆ 225ರಿಂದ 260 ಕಿಲೋ ಮೇವಾಯಿತು. ಎರಡು ಹಂದಿಗೆ ಹೆಚ್ಚುಕಡಿಮೆ ಅರ್ಧ ಟನ್ನು. ಇದು ಮೆಕ್ಕೆಜೋಳ, ಹಿಂಡಿ, ಮೀನಿನ ಪುಡಿ, ಖನಿಜ ಮಿಶ್ರಣ ಸೇರಿದ ಮೇವು, ಅಂಗಡಿಯಿಂದ ದುಡ್ಡು ಕೊಟ್ಟು ತರುವ ಮೇವು. ಅದನ್ನು ಕೊಡದೆ ತೌಡು, ಬಾಳೆದಿಂಡು, ಬೇಯಿಸಿದ ಕೆಸುವಿನ ದಂಟು, ಹಲಸಿನ ತೊಳೆಯ ಮೇಲೆ ಬಿಳಿ ಹಂದಿಯನ್ನು ಸಾಕಲು ಹೊರಟರೆ ಅದು ನಾಡ ಹಂದಿಗಿಂತ ಬಡಕಲಾಗುತ್ತದೆ. ದೊಡ್ಡ ಮೈಯ ಪ್ರಾಣಿಗೆ ಬರಿಯ ಬದುಕಿ ಉಳಿಯುವುದಕ್ಕೇ ಹೆಚ್ಚು ಆಹಾರ ಬೇಕು. ಉಳಿದದ್ದು ತಾನೇ ಮಾಂಸವಾಗುವುದು. ನಾಡ ಹಂದಿ ತೂಕದ ಲೆಕ್ಕದಲ್ಲಿ ದುಬಾರಿ ಎನ್ನುವವರು ಅದು ತಿನ್ನುವುದು ಯಾರೂ ಕೊಳ್ಳದ, ಯಾರೂ ಮಾರದ ವಸ್ತುಗಳನ್ನು ಎಂಬುದನ್ನು ಮರೆಯುತ್ತಾರೆ. ಕೊಂಡ ಮೇವಿನ ಲೆಕ್ಕದಲ್ಲಿ ಬಿಳಿ ಹಂದಿ ಗೆಲ್ಲುತ್ತದೆ. ಕೊಳ್ಳದ ಮೇವಿನ ಲೆಕ್ಕದಲ್ಲಿ ಕರಿ ಹಂದಿ ಗೆಲ್ಲುತ್ತದೆ. ಹಿತ್ತಲಿನ ಲೆಕ್ಕ ಎರಡನೆಯದು.

ಗಾತ್ರದ ಪ್ರಶ್ನೆಯೂ ಇಷ್ಟೇ ಮುಖ್ಯ. 90 ಕಿಲೋ ಹಂದಿಯಿಂದ ಏನಿಲ್ಲವೆಂದರೂ 60 ಕಿಲೋಗೂ ಮೀರಿ ಮಾಂಸ ಸಿಗುತ್ತದೆ. ದಿನಕ್ಕೆ ಹಲವು ಬಾರಿ ಕರೆಂಟು ಹೋಗುವ ಹಳ್ಳಿಯಲ್ಲಿ ಐದು ಜನರ ಕುಟುಂಬ ಅದನ್ನು ಏನು ಮಾಡಬೇಕು? ಮಾರಬೇಕು. ಮಾರಿದೊಡನೆ ಅದು ಮನೆಯ ಮಾಂಸವಲ್ಲ, ವ್ಯಾಪಾರ. ವ್ಯಾಪಾರವೆಂದ ಮೇಲೆ ದರ ನಿಗದಿ ಮಾಡುವವನು ಬೇರೆಯವನು. 40-45 ಕಿಲೋದ ಹಂದಿಯಾದರೆ 30 ಕಿಲೋ ಆಸುಪಾಸಿನ ಮಾಂಸ. ಮೂರು ನಾಲ್ಕು ಮನೆಗಳು ಗುಡ್ಡೆ ಹಾಕಿ ಹಂಚಿಕೊಂಡರೆ ಎರಡು ದಿನದಲ್ಲಿ ಮುಗಿಯಿತು. ಮುಂದಿನ ಸಲ ನೆರೆಮನೆಯ ಹಂದಿ. ಆಗ ಪಾಲು ತಿರುಗಿ ನಮಗೆ. ಶೀತಲೀಕರಣ ಯಂತ್ರ ಮಾಡಬೇಕಾದ ಕೆಲಸವನ್ನು ಇಲ್ಲಿ ನೆರೆಹೊರೆ ಮಾಡುತ್ತದೆ. ಸಣ್ಣ ಮೈ ದೋಷವೆಂದು ಪುಸ್ತಕಗಳು ಬರೆದದ್ದು ಹಿತ್ತಲಿನಲ್ಲಿ ಅನುಕೂಲವಾಗಿ ಬಿಡುತ್ತದೆ.

ಇನ್ನು ಕೊಬ್ಬಿನ ಮಾತು. ‘ನಾಡ ಹಂದಿಯಲ್ಲಿ ಬರೀ ಕೊಬ್ಬು’ ಎಂದು ಮೂಗು ಮುರಿಯುವವರಲ್ಲಿ ಅನೇಕರು ಪಂದಿ ಕರಿಗೆ ಬಾಯಿ ಚಪ್ಪರಿಸುವವರೇ. ಕೊಡಗಿನ ಆ ಅಡುಗೆಯ ಮೂಲ ಕಾಡುಹಂದಿಯ ಬೇಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಊರ ಹಂದಿಯೇ ಅದರ ಆಸರೆಯಾಯಿತು. ಕೈಲ್‌ಪೊಳ್ದ್ ಹಬ್ಬದ ಕಡುಂಬುಟ್ಟಿನ ಜೊತೆಗೆ ಬರುವ ಆ ಕಪ್ಪು ಮಸಾಲೆಯಲ್ಲಿ ಮಾಂಸ, ಕೊಬ್ಬು, ತೊಗಲು ಮೂರೂ ಇರಬೇಕು. ಹುರಿದ ಕರಿಮೆಣಸು, ಜೀರಿಗೆ, ಕೊತ್ತಂಬರಿಗಳ ಖಾರವನ್ನು ಹಿಡಿದಿಡುವುದು ಕೊಬ್ಬು. ಆ ಕೊಬ್ಬಿನ ಜಿಡ್ಡನ್ನು ಕಡಿಯಲೆಂದೇ ಕಾಚಂಪುಳಿಯ ಹುಳಿ. ತೆಳುಕೊಬ್ಬಿನ ಬಿಳಿ ಹಂದಿಯ ಮಾಂಸವನ್ನು ಅದೇ ಹದದಲ್ಲಿ ಬೇಯಿಸಿದರೆ ನಾರುನಾರಾಗುತ್ತದೆ, ಕಾಚಂಪುಳಿ ಬರಿಯ ಹುಳಿಯಾಗುತ್ತದೆ. ಮುಂಬಯಿಯಲ್ಲಿ ನೆಲೆಸಿದ ಮಂಗಳೂರು ಕಥೋಲಿಕರ ದುಕ್ರಾಮಾಸು, ಗೋವೆಯವರ ಸೊರ್ಪೊತೆಲ್, ಚೊರಿಸ್ ಎಲ್ಲಕ್ಕೂ ಇದೇ ಮಾತು ಸಲ್ಲುತ್ತದೆ. ಈ ಅಡುಗೆಗಳು ಹುಟ್ಟಿದ್ದು ಕರಿ ಹಂದಿಯ ಮೈಯನ್ನು ಕಣ್ಣ ಮುಂದಿಟ್ಟುಕೊಂಡು. ಹಂದಿ ಬದಲಾದಾಗ ಅಡುಗೆಯೂ ಸದ್ದಿಲ್ಲದೆ ಬದಲಾಗುತ್ತದೆ.

ಕೊಬ್ಬು ಆರೋಗ್ಯಕ್ಕೆ ಕೆಡುಕಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಹೆಚ್ಚು ತಿಂದರೆ ಕೆಡುಕೇ. ವರ್ಷಕ್ಕೆ ಎರಡು ಹಂದಿ ಕಡಿದು ನಾಲ್ಕು ಮನೆಗೆ ಹಂಚಿಕೊಳ್ಳುವವರು ಅಷ್ಟೊಂದು ತಿನ್ನುವುದಿಲ್ಲ. ಬೇಡವಾದ ಕೊಬ್ಬನ್ನು ಕತ್ತರಿಸಿ ತೆಗೆಯಬಹುದು. ಇಲ್ಲದ ಕೊಬ್ಬನ್ನು ಸೇರಿಸಲಾಗದು. ಬಿಳಿ ಹಂದಿಯನ್ನು ನಮಗೆ ಕಳಿಸಿದ ಯುರೋಪಿನಲ್ಲೇ ಸ್ಪೇನಿನ ಐಬೀರಿಯನ್ ಕರಿ ಹಂದಿಯ ತೊಡೆಮಾಂಸ ಅತಿ ದುಬಾರಿಯಾಗಿ ಮಾರಾಟವಾಗುತ್ತದೆ. ಹಂಗೆರಿಯಲ್ಲಿ ತೆಳುಮಾಂಸದ ಮೋಹದಿಂದ ಅಳಿವಿನ ಅಂಚಿಗೆ ಹೋಗಿದ್ದ ಮಂಗಾಲಿತ್ಸಾ ಎಂಬ ಕೊಬ್ಬಿನ ಹಂದಿಯನ್ನು 1990ರ ದಶಕದಿಂದ ಮತ್ತೆ ಬೆಳೆಸಿದ್ದಾರೆ. ಜಪಾನಿನ ಕಗೋಷಿಮಾದಲ್ಲಿ ಕರಿಯ ಬರ್ಕ್‌ಷೈರ್‌ಗೆ ಸಲ್ಲುವ ಗೌರವ ಲೋಕಪ್ರಸಿದ್ಧ. ಅವರು ಕೈಬಿಟ್ಟು ಪಶ್ಚಾತ್ತಾಪಪಟ್ಟು ಮರಳಿ ಹಿಡಿದದ್ದನ್ನು ನಾವು ಈಗ ಕೈಬಿಡಲು ಹೊರಟಿದ್ದೇವೆ.

ಹಾಗಾದರೆ ‘ನಾಡ ಹಂದಿ’ ಎಂದರೆ ಯಾವುದು? ವಾದದ ಗಂಟು ಇರುವುದು ಇಲ್ಲೇ. ಅದನ್ನು ಒಂದೇ ಒಂದು ಹೆಸರಿಲ್ಲದ ಪ್ರಾಣಿಯೆಂದು ಎಣಿಸುವುದರಿಂದಲೇ ಎಲ್ಲ ಗೊಂದಲ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ನಾಡ ಹಂದಿಗಳನ್ನು ತಳಿಗಳೆಂದು ಗುರುತಿಸಿ ನೋಂದಾಯಿಸಿದೆ. ಉತ್ತರ ಬಂಗಾಳದ ಘುಂಗ್ರೂ, ಮೇಘಾಲಯದ ನಿಯಾಂಗ್ ಮೇಘಾ, ನಾಗಾಲ್ಯಾಂಡಿನ ತೆನ್ಯಿ ವೋ, ಅಸ್ಸಾಮಿನ ಡೂಮ್, ಮಿಜೋರಾಮಿನ ಜೋವಾಕ್, ಉತ್ತರ ಪ್ರದೇಶದ ಘುರ್ರಾ, ನಮ್ಮ ಗಡಿಗೆ ತಾಗಿರುವ ಗೋವೆಯ ಅಗೋಂದಾ ಗೋವನ್ ಇವೆಲ್ಲ ಆ ಪಟ್ಟಿಯಲ್ಲಿವೆ. ಇವು ಒಂದರಂತೆ ಒಂದಿಲ್ಲ. ಘುಂಗ್ರೂ ಒಂದು ಸೂಲಿಗೆ ಹತ್ತು ಹನ್ನೆರಡು ಮರಿ ಹಾಕಬಲ್ಲುದು. ಮರಿಗಳ ಎಣಿಕೆಯಲ್ಲಿ ಬಿಳಿ ಹಂದಿಗೆ ಅದೇನೂ ಸೋಲುವುದಿಲ್ಲ. ಅಗೋಂದಾ ಕಡಲ ತೀರದ ಸೆಕೆ ಮಳೆಗಳಿಗೆ ಒಗ್ಗಿದ ಹಂದಿ. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಬಿಳಿ ಚರ್ಮವಾದರೆ ಬಿಸಿಲಿಗೆ ಸುಟ್ಟೂ ಹೋಗುತ್ತದೆ. ಕರಾವಳಿಯ ಏಪ್ರಿಲ್ ತಿಂಗಳಲ್ಲಿ ಬಿಳಿ ಹಂದಿಗೆ ಬೇಕಾಗುವ ನೀರು, ನೆರಳು, ಗಾಳಿಯ ಖರ್ಚನ್ನು ಯಾವ ಸಲಹೆಗಾರರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡು ತುದಿಗಳ ನಡುವಿನ ದಾರಿಯೂ ಇದೆ. ಗುವಾಹಟಿಯ ಬಳಿಯ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರ ಹ್ಯಾಂಪ್‌ಷೈರ್ ಮತ್ತು ಘುಂಗ್ರೂಗಳನ್ನು ಕೂಡಿಸಿ ‘ರಾಣಿ’ ಎಂಬ ಮಿಶ್ರತಳಿಯನ್ನು ಕೊಟ್ಟಿದೆ. ರಾಂಚಿಯ ಬಿರ್ಸಾ ಕೃಷಿ ವಿಶ್ವವಿದ್ಯಾಲಯ ಟ್ಯಾಮ್‌ವರ್ತ್ ಮತ್ತು ಅಲ್ಲಿನ ನಾಡ ಹಂದಿಯಿಂದ ‘ಝಾರ್‌ಸುಕ್’ ಎಂಬ ಕರಿ ಹಂದಿಯನ್ನು ರೂಪಿಸಿದೆ. ಅರ್ಧ ನಾಡ ರಕ್ತವಿರುವ ಇಂಥ ಹಂದಿಗಳು ಅಪ್ಪಟ ನಾಡ ಹಂದಿಗಿಂತ ಬೇಗ ಬೆಳೆಯುತ್ತವೆ, ಅಪ್ಪಟ ಬಿಳಿ ಹಂದಿಗಿಂತ ಕಡಿಮೆ ಉಪಚಾರ ಬೇಡುತ್ತವೆ. ಮನೆಯಲ್ಲಿ ಸ್ವಲ್ಪ ಮೇವು ಕೊಳ್ಳುವ ಶಕ್ತಿಯೂ ಇದ್ದು, ಹಿತ್ತಲಿನ ಸೊಪ್ಪುಸದೆಯೂ ಇದ್ದರೆ ಅರ್ಧ ರಕ್ತದ ಕರಿ ಮರಿಗಳೇ ಸರಿಯಾದ ಆಯ್ಕೆ. ಕೊಳ್ಳುವ ಮೇವು ಇಲ್ಲವೇ ಇಲ್ಲವೆಂದರೆ ನಾಡ ಹಂದಿ. ಮಾಂಸವನ್ನು ಪೇಟೆಯ ಅಂಗಡಿಗೆ ತೂಕಕ್ಕೆ ಮಾರುವುದೇ ಗುರಿಯಾದರೆ, ಮೇವು ಪಶುವೈದ್ಯರು ಎರಡೂ ಕೈಗೆಟಕುವಂತಿದ್ದರೆ, ಧಾರಾಳವಾಗಿ ಬಿಳಿ ಹಂದಿ ಸಾಕಿ, ನಮ್ಮ ತಕರಾರಿಲ್ಲ.

ಆದರೆ ಕನ್ನಡನಾಡಿನ ನಾಡ ಹಂದಿಯ ಗತಿ ಏನಾಗಿದೆ? ಮಲೆನಾಡು ಗಿಡ್ಡ ದನಕ್ಕೆ ಹೆಸರಿದೆ, ಮಂಡ್ಯದ ಕುರಿಗೆ ಹೆಸರಿದೆ, ಧಾರವಾಡಿ ಎಮ್ಮೆಗೆ, ಮುಧೋಳದ ನಾಯಿಗೆ ಹೆಸರಿದೆ. 2023ರ ವರೆಗಿನ ನೋಂದಣಿಗಳಲ್ಲಿ ಕರ್ನಾಟಕದ ಒಂದೇ ಒಂದು ಹಂದಿ ತಳಿಗೆ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ತಳಿ ಸಂರಕ್ಷಣೆಯ ಹಣವಿಲ್ಲ, ಒಳ್ಳೆಯ ಗಂಡು ಹಂದಿಯನ್ನು ಆರಿಸಿ ಉಳಿಸುವ ಕೆಲಸವಿಲ್ಲ. ಆರಿಸದೆ ಬಿಟ್ಟ ಹಿಂಡಿನಲ್ಲಿ ಒಡಹುಟ್ಟುಗಳೇ ಕೂಡಿ ಮರಿಗಳು ಕುಗ್ಗುತ್ತವೆ. ಕುಗ್ಗಿದ ಮರಿಯನ್ನು ತೋರಿಸಿ, ‘ನೋಡಿ, ನಾಡ ಹಂದಿ ಎಂದರೆ ಇಷ್ಟೇ’ ಎನ್ನುತ್ತಾರೆ. ಇದು ಊಟ ಹಾಕದೆ ಮಗುವನ್ನು ಬಡಕಲೆಂದು ಬೈದಂತೆ.

ಹೆಸರಿಲ್ಲದಿರುವುದು ಆಕಸ್ಮಿಕವಲ್ಲ. ಈ ನಾಡಿನಲ್ಲಿ ಹಂದಿಯನ್ನು ಬಲ್ಲವರು ಕೊರಮರು, ಹಂದಿಜೋಗಿಗಳು, ಊರ ಹೊರಗೆ ಇರಿಸಲ್ಪಟ್ಟ ಇತರ ಸಮುದಾಯಗಳು. ಯಾವ ಹೆಣ್ಣು ಮರಿಗಳನ್ನು ಚೆನ್ನಾಗಿ ಸಾಕುತ್ತದೆ, ಯಾವ ಗಂಡನ್ನು ಉಳಿಸಿಕೊಳ್ಳಬೇಕು, ಯಾವ ಸೊಪ್ಪು ಹಂದಿಗೆ ಆಗದು ಎಂಬ ತಿಳಿವಳಿಕೆ ಅವರ ಬಳಿ ಇತ್ತು, ಇದೆ. ಅದನ್ನು ಕೇಳಿ ಬರೆದಿಡಬೇಕೆಂದು ನಮ್ಮ ವಿದ್ವತ್ತಿಗೆ ಅನಿಸಲೇ ಇಲ್ಲ. ನಮ್ಮ ಭಾಷೆಯ ನಡತೆಯನ್ನೇ ನೋಡಿ. ಎರಡು ಎಕರೆಯ ಒಡೆಯ ಬಿಳಿ ಹಂದಿ ಸಾಕಿದರೆ ಅದು ‘ಯಶೋಗಾಥೆ’, ಪತ್ರಿಕೆಯ ಕೃಷಿ ಪುಟದಲ್ಲಿ ಅವನ ಭಾವಚಿತ್ರ. ಹಂದಿಜೋಗಿ ಹೆಂಗಸು ಕರಿ ಹಂದಿ ಸಾಕಿದರೆ ಅದು ‘ಹಂದಿಗಳ ಹಾವಳಿ’, ಅದೇ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಹಿಡಿದು ಸಾಗಿಸುವ ಲಾರಿಯ ಚಿತ್ರ. ಬೀದಿಯಲ್ಲಿ ಬಿಟ್ಟ ಹಂದಿ ತೊಂದರೆ ಕೊಡುವುದಿಲ್ಲವೆಂದು ನಾವು ಹೇಳುತ್ತಿಲ್ಲ, ಕೊಡುತ್ತದೆ. ಆದರೆ ಅದನ್ನು ಬೀದಿಗೆ ತಂದದ್ದು ಹಂದಿಯ ತಳಿಯಲ್ಲ. ಸಾಕುವವರಿಗೆ ನೆಲವಿಲ್ಲ, ಬೀದಿಯಲ್ಲಿ ಕಸ ತುಂಬಿದೆ. ಎರಡೂ ಹಂದಿಯ ಅಪರಾಧಗಳಲ್ಲ.

ಕೊಳಕಿನ ಆರೋಪವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಲಾಡಿಹುಳುವಿನ ಭಯವನ್ನು ಕರಿ ಹಂದಿಗೆ ಮಾತ್ರ ಅಂಟಿಸುವುದು ಅಜ್ಞಾನ. ಆ ಹುಳುವಿನ ಮೊಟ್ಟೆ ಹಂದಿಗೆ ಬರುವುದು ಮನುಷ್ಯನ ಮಲದಿಂದ. ಸರಿಯಾಗಿ ಬೇಯಿಸದ ಮಾಂಸ ತಿಂದವನ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಆದರೆ ಮಿದುಳಿನಲ್ಲಿ ಗಂಟಾಗಿ ಅಪಸ್ಮಾರ ತರುವುದು ಮನುಷ್ಯನ ಮಲದ ಮೂಲಕ ನೀರಿಗೋ ಸೊಪ್ಪಿಗೋ ಕೈಗೋ ಅಂಟಿದ ಮೊಟ್ಟೆಯನ್ನು ನುಂಗಿದಾಗ. ಹಂದಿಯನ್ನು ಮುಟ್ಟದ ಸಸ್ಯಾಹಾರಿಗೂ ಆ ರೋಗ ಬರುವುದು ಹೀಗೆ. ಪಾಯಿಖಾನೆ ಇರುವ ಮನೆಯಲ್ಲಿ ಕಟ್ಟಿ ಸಾಕಿದ ಕರಿ ಹಂದಿ, ಬಯಲಿಗೆ ಬಿಟ್ಟ ಬಿಳಿ ಹಂದಿಗಿಂತ ಸಾವಿರ ಪಾಲು ಶುಚಿ.

ರೋಗದ ವಿಷಯದಲ್ಲಿ ನಾಡ ಹಂದಿಯ ಪರವಾಗಿ ಸುಳ್ಳು ಹೇಳುವವರನ್ನೂ ನಾವು ಬೆಂಬಲಿಸುವುದಿಲ್ಲ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ಕೊಡಗಿನ ನೆರೆಯ ವಯನಾಡಿಗೂ ಬಂತು. ಮನುಷ್ಯರಿಗೆ ಅದು ಅಂಟುವುದಿಲ್ಲ, ಆದರೆ ಹಂದಿಗೆ ಚಿಕಿತ್ಸೆಯೇ ಇಲ್ಲ. ಕರಿ ಹಂದಿಯೂ ಸಾಯುತ್ತದೆ, ಬಿಳಿ ಹಂದಿಯೂ ಸಾಯುತ್ತದೆ. ಹೋಟೆಲಿನ ಎಂಜಲು, ಅದರಲ್ಲಿ ಸೇರಿರುವ ಹಸಿ ಅಥವಾ ಅರೆಬೆಂದ ಹಂದಿಮಾಂಸದ ಚೂರು, ಈ ರೋಗದ ದೊಡ್ಡ ಹೆದ್ದಾರಿ. ಹೊರಗಿನ ಮುಸುರೆಯನ್ನು ತರಲೇಬೇಡಿ. ಮನೆಯದ್ದನ್ನೂ ಅರ್ಧ ಗಂಟೆ ಚೆನ್ನಾಗಿ ಕುದಿಸಿಯೇ ಹಾಕಿ. ಕಾಡುಹಂದಿ ಸುಳಿಯುವ ಕಡೆ ಗಟ್ಟಿ ಬೇಲಿ ಬೇಕು. ಸಾಮಾನ್ಯ ಹಂದಿ ಜ್ವರಕ್ಕೆ ಲಸಿಕೆ ಇದೆ. ಅದನ್ನೂ ಜಂತುಹುಳುವಿನ ಔಷಧಿಯನ್ನೂ ತಪ್ಪಿಸಬಾರದು.

ಸಾಕಲು ಹೊರಟವರಿಗೆ ಇನ್ನಷ್ಟು ಮಾತು. ಹೆಣ್ಣು ಹಂದಿಯ ಗರ್ಭ 114 ದಿನ. ಮರಿ ಹಾಕಿಸುವ ಗೋಜು ಮನೆಮಟ್ಟಿಗೆ ಬೇಡ. ಹಾಲು ಬಿಟ್ಟ, ಎರಡು ತಿಂಗಳ ಮರಿಗಳನ್ನು ಕೊಳ್ಳಿ. ಒಂಟಿ ಮರಿ ಕೊರಗುತ್ತದೆ, ಆದ್ದರಿಂದ ಎರಡು ತನ್ನಿ. ಗಂಡಾದರೆ ಎಳೆಯದಿರುವಾಗಲೇ ಬೀಜ ಒಡೆಸಿದ್ದೋ ಎಂದು ಕೇಳಿ. ಇಲ್ಲದಿದ್ದರೆ ಮಾಂಸಕ್ಕೆ ನಾತ ಬರುತ್ತದೆ. ತಲೆಗೆ ಹದಿನೈದು ಇಪ್ಪತ್ತು ಚದರ ಅಡಿ ನೆರಳಿನ ಜಾಗ, ಅಷ್ಟೇ ಬಯಲು, ಮೈ ಹೊರಳಿಸಲು ನೀರು ಸಾಕು. ಮರಿ ಮಾರುವವನ ಬಳಿ ಅದರ ತಾಯಿಯನ್ನು ತೋರಿಸಲು ಹೇಳಿ, ತೋರಿಸಲೊಲ್ಲದವನಿಂದ ಕೊಳ್ಳಬೇಡಿ.

ಇಷ್ಟು ಹೇಳಿದ ಮೇಲೆ ಸರಕಾರದ ಕಡೆಗೂ ತಿರುಗಬೇಕು. 2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ 100 ಹೆಣ್ಣು, 10 ಗಂಡು ಹಂದಿಗಳ ಘಟಕಕ್ಕೆ ಬಂಡವಾಳದ ಅರ್ಧ, ಗರಿಷ್ಠ 30 ಲಕ್ಷ ರೂಪಾಯಿ ಸಹಾಯಧನ ಕೊಡುವುದಾಗಿ ಹೇಳಿತು. ನೂರು ಹಂದಿಗೆ ಜಾಗವಿರುವವನು ಹಂದಿಜೋಗಿಯಲ್ಲ, ನಮ್ಮ ಊರಿನ ತಮ್ಮನೂ ಅಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಹಂದಿಗಳ ಸಂಖ್ಯೆ 90.6 ಲಕ್ಷಕ್ಕೆ ಇಳಿದಿತ್ತು. ಏಳು ವರ್ಷಗಳಲ್ಲಿ ಶೇಕಡಾ 12ರಷ್ಟು ಕುಸಿತ. ಎರಡು ಹಂದಿಯ ಮನೆಗಳು ಒಂದೊಂದಾಗಿ ಕೈಚೆಲ್ಲುತ್ತಿದ್ದರೆ ನೂರು ಹಂದಿಯ ಘಟಕಗಳಿಗೆ ನೀರೆರೆಯುವುದು ಬೇರನ್ನು ಬಿಟ್ಟು ಎಲೆಯನ್ನು ತೊಳೆದಂತೆ.

ಆದ್ದರಿಂದ ನಮ್ಮ ಒತ್ತಾಯ ಮೂರು. ಕರ್ನಾಟಕದ ಪಶುವೈದ್ಯ ವಿಶ್ವವಿದ್ಯಾಲಯ ನಾಡಿನ ಕರಿ ಹಂದಿಗಳನ್ನು, ಅವನ್ನು ಸಾಕುವವರನ್ನೇ ಜೊತೆಗಿಟ್ಟುಕೊಂಡು, ಸಮೀಕ್ಷೆ ಮಾಡಿ ನೋಂದಣಿಗೆ ಕಳಿಸಲಿ. ಒಳ್ಳೆಯ ನಾಡ ಗಂಡು ಹಂದಿಗಳನ್ನೂ ಅರ್ಧ ರಕ್ತದ ಮರಿಗಳನ್ನೂ ಸರಕಾರಿ ಕೇಂದ್ರಗಳಲ್ಲಿ ಬೆಳೆಸಿ ಎರಡು ಹಂದಿಯ ಮನೆಗಳಿಗೆ ಕೊಡಲಿ. ಮೂರನೆಯದು ನಮ್ಮನ್ನೇ ಕುರಿತದ್ದು. ಪುಣೆಯಿಂದಲೋ ಚೆನ್ನೈಯಿಂದಲೋ ಊರಿಗೆ ಹಣ ಕಳಿಸುವಾಗ ‘ಬಿಳಿ ಹಂದಿಯನ್ನೇ ತನ್ನಿ’ ಎಂಬ ಅಪ್ಪಣೆಯನ್ನು ಅದರೊಡನೆ ಕಳಿಸುವುದು ಬೇಡ. ಹಿತ್ತಲಿನಲ್ಲಿ ಏನು ಬೆಳೆಯುತ್ತದೆ, ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ, ಮೇವು ಹಾಕುವವರು ಯಾರು ಎಂದು ಮೊದಲು ಕೇಳೋಣ. ಯಾವ ಹಂದಿ ಬೇಕೆಂಬುದನ್ನು ದಿನವೂ ಅದಕ್ಕೆ ಮೇವು ಹಾಕುವವರೇ ತೀರ್ಮಾನಿಸಲಿ.